ಹೊಸ ಗಾರೆಯ ಒಳಗೋಡೆಗಳಲ್ಲಿ ಬಿರುಕು: ಕಾರಣ, ದುರಸ್ತಿ ಮತ್ತು ಮುನ್ನೆಚ್ಚರಿಕೆ

ಹೊಸ ಮಳಿಗೆಯನ್ನೋ, ಗೋದಾಮನ್ನೋ, ಸಣ್ಣ ಕಾರ್ಖಾನೆಯ ಕಟ್ಟಡವನ್ನೋ ಕಟ್ಟಿಸಿದ ಸದಸ್ಯ ಬಾಂಧವರಲ್ಲಿ ಅನೇಕರಿಗೆ ಒಂದು ಅನುಭವ ಸಾಮಾನ್ಯವಾಗಿದೆ. ಗೋಡೆಗೆ ಗಾರೆ ಬಳಿದು ಹದಿನೈದು ದಿನಗಳೂ ಕಳೆದಿರುವುದಿಲ್ಲ, ಅಷ್ಟರಲ್ಲಿಯೇ ಕೂದಲೆಳೆಯಂತಹ ಗೆರೆಗಳು ಕಾಣಿಸಿಕೊಳ್ಳುತ್ತವೆ. ಗುತ್ತಿಗೆದಾರರು "ಇದು ಎಲ್ಲ ಕಡೆ ಬರುವುದೇ, ಪುಟ್ಟಿ ಹಾಕಿದರೆ ಮುಚ್ಚಿಹೋಗುತ್ತದೆ" ಎನ್ನುತ್ತಾರೆ. ಮಾಲೀಕರು ಕಟ್ಟಡವೇ ಕುಸಿಯುತ್ತದೆಯೋ ಎಂದು ಗಾಬರಿಗೊಳ್ಳುತ್ತಾರೆ. ಈ ಎರಡೂ ಅಭಿಪ್ರಾಯಗಳು ಬಹುಮಟ್ಟಿಗೆ ತಪ್ಪು. ಬಿರುಕುಗಳಲ್ಲಿ ನಿರುಪದ್ರವಿಗಳೂ ಇವೆ, ಹಣ ಮತ್ತು ಸಮಯವನ್ನು ತಿನ್ನುವಂತಹವೂ ಇವೆ. ಅಪರೂಪಕ್ಕೆ ಅಪಾಯದ ಮುನ್ಸೂಚನೆಯಾದವೂ ಇವೆ. ಯಾವುದು ಯಾವ ಜಾತಿಯದು ಎಂದು ಗುರುತಿಸಲು ಬಾರದಿದ್ದರೆ ದುರಸ್ತಿಗೆ ಮಾಡಿದ ವೆಚ್ಚ ವ್ಯರ್ಥವಾಗುವುದು.

ಈ ಲೇಖಕನೂ ಆ ಪಾಠವನ್ನು ಬೆಲೆ ತೆತ್ತೇ ಕಲಿತವನು. ಕೆಲವು ವರ್ಷಗಳ ಹಿಂದೆ ನಮ್ಮ ಸಾಂಬಾರ ಪುಡಿ ತಯಾರಿಕಾ ಘಟಕಕ್ಕೆ ಒಂದು ಪ್ಯಾಕಿಂಗ್ ಕೊಠಡಿಯನ್ನು ಸೇರಿಸಿದೆವು. ಯುಗಾದಿಗೆ ಪೂಜೆ ಮಾಡಿ ಯಂತ್ರ ಕೂರಿಸಬೇಕೆಂಬ ಅವಸರ. ಮಾರ್ಚ್ ತಿಂಗಳ ಒಣಗಾಳಿ, ಟ್ಯಾಂಕರ್ ನೀರಿನ ಅಭಾವ. ಗಾರೆಗೆ ಎರಡೇ ದಿನ ನೀರುಣಿಸಿ ಮೂರನೆಯ ದಿನದಿಂದ ಬಿಟ್ಟುಬಿಟ್ಟರು. ಎಂಟನೆಯ ದಿನಕ್ಕೆ ನಾಲ್ಕೂ ಗೋಡೆಗಳಲ್ಲಿ ಬಲೆಯಂತೆ ಬಿರುಕು. ಗುತ್ತಿಗೆದಾರರು ಉಳಿದ ಬಿಲ್ಲನ್ನು ಕೇಳಿದರು, ನಾನು ಕೊಡುವುದಿಲ್ಲವೆಂದೆ. ಮಾತಿಗೆ ಮಾತು ಬೆಳೆಯಿತು. ಕಡೆಗೆ ಪರಿಚಯದ ಹಿರಿಯ ಇಂಜಿನಿಯರೊಬ್ಬರು ಬಂದು, ಜೇಬಿನಿಂದ ಒಂದು ನಾಣ್ಯವನ್ನು ತೆಗೆದು ಗೋಡೆಯನ್ನು ಅಡಿಯಡಿಗೂ ತಟ್ಟುತ್ತಾ ಹೋದರು. ಕೆಲವೆಡೆ ಗಟ್ಟಿ ಸದ್ದು, ಕೆಲವೆಡೆ ಖಾಲಿ ಡಬ್ಬವನ್ನು ತಟ್ಟಿದಂತಹ ಸದ್ದು. ಟೊಳ್ಳು ಸದ್ದು ಬಂದ ಕಡೆಗಳಲ್ಲೆಲ್ಲಾ ಸೀಮೆಸುಣ್ಣದಿಂದ ಗುರುತು ಹಾಕಿದರು. "ಬಿರುಕು ಇರುವ ಗೋಡೆ ಅಲ್ಲ, ಟೊಳ್ಳು ಇರುವ ಗೋಡೆಯನ್ನು ನೋಡಿ" ಎಂಬ ಅವರ ಮಾತು ಇಂದಿಗೂ ನನಗೆ ಉಪಯೋಗಕ್ಕೆ ಬರುತ್ತಿದೆ.

ಆಹಾರ ಪದಾರ್ಥಗಳ ವ್ಯವಹಾರದಲ್ಲಿರುವವರಿಗೆ ಇದು ಅಂದಚಂದದ ಪ್ರಶ್ನೆಯಷ್ಟೇ ಅಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಡಿ 2011ರಲ್ಲಿ ಬಂದ ಪರವಾನಗಿ ಮತ್ತು ನೋಂದಣಿ ನಿಯಮಗಳ 4ನೆಯ ಅನುಸೂಚಿಯಂತೆ ತಯಾರಿಕಾ ಸ್ಥಳದ ನೆಲ, ಚಾವಣಿ ಮತ್ತು ಗೋಡೆಗಳು ಸುಸ್ಥಿತಿಯಲ್ಲಿದ್ದು, ನುಣುಪಾಗಿ, ಸುಲಭವಾಗಿ ಶುಚಿಗೊಳಿಸುವಂತಿರಬೇಕು. ಬಣ್ಣವಾಗಲಿ ಗಾರೆಯಾಗಲಿ ಚಕ್ಕೆ ಏಳುವಂತಿರಬಾರದು. ಬಿರುಕಿನಲ್ಲಿ ಪುಡಿ ಕೂರುತ್ತದೆ, ಪುಡಿಯಲ್ಲಿ ಹುಳು ಸೇರುತ್ತದೆ. ಔಷಧ, ಬಟ್ಟೆ ಮತ್ತು ಕಾಗದದ ದಾಸ್ತಾನು ಇರಿಸುವವರಿಗೂ ಉದುರುವ ಗಾರೆ ನಷ್ಟವನ್ನೇ ತರುತ್ತದೆ.

ಬಿರುಕು ಏಕೆ ಬರುತ್ತದೆ

ಗಾರೆಯನ್ನು (ಉತ್ತರ ಕರ್ನಾಟಕದ ನಮ್ಮ ಬಾಂಧವರು ಗಿಲಾವು ಎನ್ನುವುದನ್ನು) ಕಲಸುವಾಗ ಸಿಮೆಂಟು ಗಟ್ಟಿಯಾಗಲು ಬೇಕಾದುದಕ್ಕಿಂತ ಹೆಚ್ಚು ನೀರನ್ನು ಸೇರಿಸಲಾಗುತ್ತದೆ, ಇಲ್ಲವಾದರೆ ಕರಣೆಗೆ ಅದು ಒಗ್ಗುವುದಿಲ್ಲ. ಈ ಹೆಚ್ಚುವರಿ ನೀರು ಆರಿಹೋದಂತೆ ಗಾರೆ ಕುಗ್ಗುತ್ತದೆ. ಆದರೆ ಅದು ಹಿಡಿದುಕೊಂಡಿರುವ ಗೋಡೆ ಅದರೊಡನೆ ಕುಗ್ಗುವುದಿಲ್ಲ. ಒಂದು ಕಡೆ ಕುಗ್ಗುವ ಪದರ, ಇನ್ನೊಂದು ಕಡೆ ಅಲುಗದ ಗೋಡೆ. ನಡುವೆ ಎಳೆತ ಉಂಟಾಗುತ್ತದೆ. ಸಿಮೆಂಟು ಗಾರೆಗೆ ಒತ್ತಡವನ್ನು ತಾಳುವ ಶಕ್ತಿ ಇದ್ದಷ್ಟು ಎಳೆತವನ್ನು ತಾಳುವ ಶಕ್ತಿ ಇಲ್ಲ. ಆದುದರಿಂದ ಅದು ಬಿರಿಯುತ್ತದೆ. ನೀರು ಹೆಚ್ಚಾದಷ್ಟೂ, ಸಿಮೆಂಟು ಹೆಚ್ಚಾದಷ್ಟೂ, ಮರಳಿನಲ್ಲಿ ಮಣ್ಣು ಹೆಚ್ಚಾದಷ್ಟೂ, ಆರುವ ವೇಗ ಹೆಚ್ಚಾದಷ್ಟೂ ಬಿರುಕು ಹೆಚ್ಚು. ಉಳಿದೆಲ್ಲ ಕಾರಣಗಳು ಬಹುತೇಕ ಈ ನಾಲ್ಕರ ಮಕ್ಕಳು ಮೊಮ್ಮಕ್ಕಳು.

ಇಲ್ಲಿ ವ್ಯಾಪಾರಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಸಿಮೆಂಟು ಹೆಚ್ಚು ಹಾಕಿಸಿದರೆ ಕೆಲಸ ಗಟ್ಟಿ ಎಂಬ ನಂಬಿಕೆ ಮಾಲೀಕರಲ್ಲಿಯೂ ಮೇಸ್ತ್ರಿಗಳಲ್ಲಿಯೂ ಬಲವಾಗಿದೆ. ಒಳಗಿನ ಇಟ್ಟಿಗೆ ಗೋಡೆಗೆ 1:6, ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, 12 ಮಿ.ಮೀ. ದಪ್ಪ ಸಾಕಾಗುತ್ತದೆ. ಒರಟಾದ ಬದಿಗೆ 15 ಮಿ.ಮೀ. ಬೇಕಾಗಬಹುದು. ಒಂದು ಸಾವಿರ ಚದರ ಅಡಿ ಗೋಡೆಗೆ ಈ ಲೆಕ್ಕದಲ್ಲಿ ಸುಮಾರು 7 ಮೂಟೆ ಸಿಮೆಂಟು ಹಿಡಿಯುತ್ತದೆ. ಇದನ್ನೇ 1:4 ಮಾಡಿದರೆ ಸುಮಾರು 10 ಮೂಟೆ. ಮೂರು ಮೂಟೆಯ ಹಣವನ್ನು ಹೆಚ್ಚಾಗಿ ಕೊಟ್ಟು ನಾವು ಕೊಂಡುಕೊಳ್ಳುವುದು ಬಿರುಕನ್ನು! ಇಟ್ಟಿಗೆಗಿಂತ ಗಾರೆ ಬಲವಾಗಿರಬಾರದೆಂಬ ಹಳಬರ ಮಾತು ಶಾಸ್ತ್ರೀಯವಾಗಿಯೂ ಸರಿಯಾಗಿದೆ. 1:4 ಮಿಶ್ರಣವನ್ನು ಹೊರಗೋಡೆ ಮತ್ತು ಕಾಂಕ್ರೀಟಿನ ಮೇಲ್ಮೈಗಳಿಗೆ ಮೀಸಲಿಡುವುದು ಒಳಿತು.

ಮರಳಿನ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮೋಸ ಹೋಗುವುದು ಇಲ್ಲಿಯೇ. ನದಿ ಮರಳು ದುರ್ಲಭವಾದ ಮೇಲೆ ನಮ್ಮ ರಾಜ್ಯದ ಬಹುತೇಕ ಕಡೆ ಎಂ-ಸ್ಯಾಂಡ್ ಬಳಕೆಗೆ ಬಂದಿದೆ. ಗಾರೆಗೆಂದೇ ನುಣುಪಾಗಿ ಜರಡಿಯಾದ ಪಿ-ಸ್ಯಾಂಡ್ ಕೂಡ ದೊರೆಯುತ್ತದೆ. ಇವುಗಳ ಹೆಸರಿನಲ್ಲಿ ಜಲ್ಲಿ ಕ್ರಷರಿನ ಬರಿಯ ಕಲ್ಲುಪುಡಿ ಬಂದು ಬೀಳುವುದೂ ಉಂಟು. ಕಲ್ಲುಪುಡಿಯಲ್ಲಿ ಹಿಟ್ಟಿನಂತಹ ಧೂಳು ಅಧಿಕವಾಗಿದ್ದು, ಅದು ನೀರನ್ನು ಹೆಚ್ಚು ಕೇಳುತ್ತದೆ. ಹೆಚ್ಚು ನೀರು ಕೊಟ್ಟರೆ ಏನಾಗುವುದೆಂದು ಮೇಲೆ ನೋಡಿದೆವು. ಲಾರಿ ಇಳಿಸುವ ಮುನ್ನ ಒಂದು ಗಾಜಿನ ಬಾಟಲಿಯಲ್ಲಿ ಅರ್ಧ ಮರಳು ತುಂಬಿ, ಒಂದು ಚಿಟಿಕೆ ಉಪ್ಪು ಸೇರಿಸಿದ ನೀರು ಹಾಕಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಬೇಕು. ಕೆಳಗೆ ಮರಳು, ಮೇಲೆ ಹೂಳು ಬೇರೆಬೇರೆಯಾಗಿ ನಿಲ್ಲುತ್ತವೆ. ಮರಳು 10 ಸೆಂ.ಮೀ. ಇದ್ದು ಹೂಳಿನ ಪದರ 8 ಮಿ.ಮೀ. ದಾಟಿದರೆ, ಅಂದರೆ ಶೇ. 8ನ್ನು ಮೀರಿದರೆ, ಆ ಮರಳನ್ನು ತೊಳೆಯದೆ ಬಳಸಬಾರದು. ಮೂರು ಗಂಟೆ ಲಾರಿಯವರು ಕಾಯುವುದಿಲ್ಲ ಎನ್ನುವವರು ಹಿಂದಿನ ದಿನವೇ ಯಾರ್ಡಿಗೆ ಹೋಗಿ ಒಂದು ಚೀಲ ಮಾದರಿ ತರಬಹುದು.

ಇನ್ನೊಂದು ಸೂಕ್ಷ್ಮ ಸಂಗತಿ. ತೇವವಾದ ಮರಳು ಉಬ್ಬುತ್ತದೆ. ಶೇ. 5 ಅಥವಾ 6ರಷ್ಟು ತೇವವಿದ್ದರೆ ಅದರ ಗಾತ್ರ ಕಾಲುಭಾಗದಷ್ಟು ಹೆಚ್ಚಿಬಿಡಬಹುದು. ಆಗ ಫರ್ಮಾದಲ್ಲಿ ಆರು ಅಳತೆ ಹಾಕಿದರೂ ನಿಜವಾಗಿ ಬಿದ್ದ ಮರಳು ಐದು ಅಳತೆಗಿಂತಲೂ ಕಡಿಮೆ. ಮಳೆಗಾಲದಲ್ಲಿ 1:6 ಎಂದು ಹೇಳಿ ಮಾಡಿದ ಗಾರೆ ಹೀಗೆ ತಿಳಿಯದೆಯೇ 1:5ರ ಆಚೆಗೆ ಹೋಗುತ್ತದೆ. ಅಳತೆಗೆ 40 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರದ ಪೆಟ್ಟಿಗೆಯನ್ನು ಮಾಡಿಸಿದರೆ ಅದು 35 ಲೀಟರ್ ಹಿಡಿಯುತ್ತದೆ, ಇದು 50 ಕೆ.ಜಿ. ಸಿಮೆಂಟಿನ ಒಂದು ಮೂಟೆಗೆ ಸಮ. ಬಾಂಡ್ಲಿಯ ಲೆಕ್ಕದಲ್ಲಿ ಕಲಸುವ ಪದ್ಧತಿಯನ್ನು ಬಿಡಿಸುವುದು ಕಷ್ಟವಾದರೂ ಪ್ರಯತ್ನಿಸಬೇಕು.

ಗೋಡೆಯೂ ಅಪರಾಧಿಯೇ

ಗಾರೆ ಎಷ್ಟೇ ಒಳ್ಳೆಯದಿದ್ದರೂ ಕೆಳಗಿನ ಗೋಡೆ ಸಿದ್ಧವಾಗಿರದಿದ್ದರೆ ಫಲವಿಲ್ಲ. ಒಣ ಇಟ್ಟಿಗೆ ಗಾರೆಯ ನೀರನ್ನು ಕೂಡಲೇ ಹೀರಿಕೊಂಡುಬಿಡುತ್ತದೆ. ಹಿಡಿದುಕೊಳ್ಳಬೇಕಾದ ಸಿಮೆಂಟು ನೀರಿಲ್ಲದೆ ಸತ್ತಂತಾಗಿ ಟೊಳ್ಳು ಉಳಿಯುತ್ತದೆ. ಆದುದರಿಂದ ಹಿಂದಿನ ದಿನ ನೀರು ಹಾಕಿ, ಕೆಲಸ ಆರಂಭಿಸುವಾಗ ಮೇಲ್ಮೈ ತೇವವಾಗಿದ್ದು ನೀರು ಹರಿಯದಂತಿರಬೇಕು. ಇಟ್ಟಿಗೆ ಸಂದುಗಳನ್ನು ಸುಮಾರು 10 ಮಿ.ಮೀ. ಆಳಕ್ಕೆ ಕೆರೆದಿರಬೇಕು. ಕಾಂಕ್ರೀಟಿನ ಕಂಬ ಮತ್ತು ತೊಲೆಗಳು ಇದಕ್ಕೆ ವಿರುದ್ಧ. ಅವು ನೀರನ್ನು ಹೀರುವುದಿಲ್ಲ, ಹಿಡಿತವನ್ನೂ ಕೊಡುವುದಿಲ್ಲ. ಅವುಗಳನ್ನು ಉಳಿಯಿಂದ ಕಚ್ಚು ಕಚ್ಚಾಗಿ ಒರಟುಗೊಳಿಸಿ, ಅಚ್ಚುಹಲಗೆಯ ಎಣ್ಣೆಯನ್ನು ತೊಳೆದು, ಸಿಮೆಂಟು-ಮರಳಿನ ತೆಳು ಮಿಶ್ರಣವನ್ನು ಎರಚಿ ಒಣಗಿಸಿದ ನಂತರವೇ ಗಾರೆ ಬಳಿಯಬೇಕು.

ಕಾಂಕ್ರೀಟ್ ಬ್ಲಾಕುಗಳ ಗೋಡೆಗೆ ಇಟ್ಟಿಗೆಯ ನಿಯಮ ಅನ್ವಯಿಸುವುದಿಲ್ಲ. ನಮ್ಮ ಸದಸ್ಯರಲ್ಲಿ ಬ್ಲಾಕ್ ತಯಾರಕರೂ ಇರುವುದರಿಂದ ಈ ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 2185ರ ಪ್ರಕಾರ ಕಾಂಕ್ರೀಟ್ ಬ್ಲಾಕುಗಳನ್ನು ಕನಿಷ್ಠ 14 ದಿನ ತೇವವಾಗಿರಿಸಿ, ಆ ಬಳಿಕ ನಾಲ್ಕು ವಾರ ಒಣಗಿಸಿದ ಮೇಲೆ ಕಟ್ಟಡಕ್ಕೆ ಬಳಸಬೇಕು. ಹಸಿ ಬ್ಲಾಕುಗಳನ್ನು ಬೇಡಿಕೆಯ ಒತ್ತಡಕ್ಕೆ ಲಾರಿಗೆ ಹತ್ತಿಸಿದರೆ ಅವು ಗೋಡೆಯಲ್ಲಿ ಕುಳಿತ ಮೇಲೆ ಕುಗ್ಗುತ್ತವೆ. ದೂರು ಬರುವುದು ಗಾರೆಯವರ ಮೇಲೆ. ಹಗುರ ಎಎಸಿ ಬ್ಲಾಕುಗಳನ್ನು ಬಳಸಿದ್ದಲ್ಲಿ ಪೈಪಿನಿಂದ ನೀರು ಬಿಟ್ಟು ನೆನೆಸುವುದು ದೊಡ್ಡ ತಪ್ಪು. ಮೇಲ್ಮೈಗೆ ಲಘುವಾಗಿ ಸಿಂಪಡಿಸಿದರೆ ಸಾಕು.

ತೊಲೆಯ ಕೆಳಗಿನ ಕೊನೆಯ ವರಸೆಯನ್ನು ಗೋಡೆ ಕಟ್ಟಿದ ದಿನವೇ ತುಂಬಿಬಿಡುವ ಅಭ್ಯಾಸವಿದೆ. ಗೋಡೆ ಸ್ವಲ್ಪ ಕುಳಿತುಕೊಳ್ಳಲು, ತೊಲೆ ಸ್ವಲ್ಪ ಬಾಗಲು ಅವಕಾಶ ಕೊಟ್ಟು ಆಮೇಲೆ ತುಂಬಬೇಕು. ಕಂಬ ಮತ್ತು ಗೋಡೆ ಸೇರುವ ಗೆರೆ, ತೊಲೆ ಮತ್ತು ಗೋಡೆ ಸೇರುವ ಗೆರೆ, ವಿದ್ಯುತ್ ಪೈಪಿಗಾಗಿ ಕೊರೆದ ಗಾಡಿ, ಈ ಮೂರರ ಮೇಲೆ 300 ಮಿ.ಮೀ. ಅಗಲದ ತಂತಿ ಬಲೆಯನ್ನು, ಎರಡೂ ಬದಿಗೆ 150 ಮಿ.ಮೀ. ಬರುವಂತೆ, ಬಿಗಿಯಾಗಿ ಮೊಳೆ ಹೊಡೆದು ಕೂರಿಸಬೇಕು. ಸಡಿಲವಾಗಿ ನೇತಾಡುವ ಬಲೆ ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು. ಇನ್ನು ವಿದ್ಯುತ್ ಕೆಲಸದವರು ಗಾರೆ ಮುಗಿದ ಮೇಲೆ ಬಂದು ಗೋಡೆ ಕೊರೆಯುವುದನ್ನು ಎಂತಹ ಮಾಲೀಕನಾದರೂ ತಡೆಯಲೇಬೇಕು.

ಬಳಿಯುವ ದಿನ ಮತ್ತು ನಂತರದ ದಿನಗಳು

ನೀರು ಬೆರೆಸಿದ ಮಿಶ್ರಣವನ್ನು ಅರ್ಧದಿಂದ ಒಂದು ಗಂಟೆಯೊಳಗೆ ಮುಗಿಸುವಷ್ಟೇ ಕಲಸಬೇಕು. ಊಟಕ್ಕೆ ಹೋಗಿ ಬಂದು ಗಟ್ಟಿಯಾದ ಗಾರೆಗೆ ಮತ್ತೆ ನೀರು ಹಾಕಿ ಕಲಸುವುದು ನಮ್ಮಲ್ಲಿ ದಿನನಿತ್ಯದ ದೃಶ್ಯ. ಅದರಲ್ಲಿ ಬಲ ಉಳಿದಿರುವುದಿಲ್ಲ. ದಪ್ಪ 15 ಮಿ.ಮೀ.ಗಿಂತ ಹೆಚ್ಚು ಬೇಕಾದಲ್ಲಿ ಎರಡು ಪದರಗಳಲ್ಲಿ ಮಾಡಬೇಕು. ಮೊದಲ ಪದರವನ್ನು ಗೀರಿ ಒರಟು ಮಾಡಿ, ಗಟ್ಟಿಯಾದ ಮೇಲೆ ಎರಡನೆಯದು. ಹಸಿ ಗಾರೆಯ ಮೇಲೆ ಒಣ ಸಿಮೆಂಟು ಪುಡಿಯನ್ನು ಎರಚಿ ಕಬ್ಬಿಣದ ಕರಣೆಯಿಂದ ಹೊಳೆಯುವಂತೆ ಉಜ್ಜುವುದು ನೋಡಲು ಚೆಂದ. ಆದರೆ ಮೇಲೆ ಸಿಮೆಂಟಿನ ತೆಳುಪೊರೆ ಸೇರಿ, ಅದು ಕೆಳಗಿನ ಪದರಕ್ಕಿಂತ ಹೆಚ್ಚು ಕುಗ್ಗಿ ಜೇಡರ ಬಲೆಯಂತಹ ಬಿರುಕು ಬರುವುದು ಇದರಿಂದಲೇ. ಪುಟ್ಟಿ ಹಾಕಿಸುವವರಿಗಂತೂ ಈ ಹೊಳಪಿನ ಅವಶ್ಯಕತೆಯೇ ಇಲ್ಲ, ಮರದ ಹಲಗೆಯಿಂದ ಉಜ್ಜಿದ ಒರಟು ಮೇಲ್ಮೈಯೇ ಲೇಸು.

ನೀರುಣಿಸುವ ಕೆಲಸವು ಬಳಿದ ಮರುದಿನದಿಂದ ಕನಿಷ್ಠ 7 ದಿನ ನಡೆಯಬೇಕು. ಈಗ ಮಾರುಕಟ್ಟೆಯಲ್ಲಿ ಹೆಚ್ಚಾಗಿ ದೊರೆಯುವ ಪಿಪಿಸಿ ಸಿಮೆಂಟು ನಿಧಾನವಾಗಿ ಬಲ ಪಡೆಯುವುದರಿಂದ 10 ದಿನ ಕೊಡುವುದು ಕ್ಷೇಮ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪು ಹಿಡಿದು ಗೋಡೆ ತೊಳೆದರೆ ನಡುವಿನ ಎಂಟು ಗಂಟೆ ಅದು ಒಣಗಿಯೇ ಇರುತ್ತದೆ. ತೇವ ಆರದಂತೆ ನೋಡಿಕೊಳ್ಳುವುದು ಉದ್ದೇಶ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಕಿಟಕಿ ಬಾಗಿಲುಗಳ ತೆರವಿಗೆ ಗೋಣಿತಟ್ಟು ಕಟ್ಟಿ ಬಿಸಿಗಾಳಿಯನ್ನು ತಡೆಯುವುದೇ ಅರ್ಧ ಕೆಲಸ. ಕರಾವಳಿಯಲ್ಲಿ ಮಳೆಗಾಲದ ತೇವದಿಂದ ಈ ತೊಂದರೆ ಕಡಿಮೆ. ಅಲ್ಲಿ ಗಾರೆ ಒಣಗುವುದೇ ತಡ, ಬಣ್ಣ ಬೇಗ ಹಚ್ಚಿ ಗುಳ್ಳೆ ಬರಿಸಿಕೊಳ್ಳುವುದು ಅಲ್ಲಿಯ ತೊಂದರೆ.

ನಾರಿನ ಪುಡಿ ಎಂದು ಮಾರಾಟವಾಗುವ ಪಾಲಿಪ್ರೊಪಿಲೀನ್ ಎಳೆಗಳನ್ನು ಮೂಟೆಯೊಂದಕ್ಕೆ 125 ಗ್ರಾಂ ಪೊಟ್ಟಣದಂತೆ ಸೇರಿಸುವುದುಂಟು. ಗಾರೆ ಹಸಿಯಾಗಿರುವಾಗ ಬರುವ ಬಿರುಕುಗಳನ್ನು ಅದು ತಗ್ಗಿಸುತ್ತದೆ. ನೀರುಣಿಸದ ತಪ್ಪನ್ನು ಅದು ಮುಚ್ಚುವುದಿಲ್ಲ. ಜಿಪ್ಸಂ ಗಾರೆಗೆ ನೀರುಣಿಸಬೇಕಿಲ್ಲ, ಕುಗ್ಗುವುದೂ ಅತ್ಯಲ್ಪ, ಕಚೇರಿ ಮತ್ತು ಮಳಿಗೆಗಳಿಗೆ ಒಪ್ಪುತ್ತದೆ. ಆದರೆ ನೀರು ತಾಗುವ ತೊಳೆಯುವ ಕೋಣೆ, ಶೌಚಾಲಯ, ಬಾಯ್ಲರ್ ಕೋಣೆಗಳಿಗೆ ಸಲ್ಲದು.

ದುರಸ್ತಿಗೆ ಮುನ್ನ ಪರೀಕ್ಷೆ

ಭಾರತೀಯ ಮಾನಕ ಸಂಸ್ಥೆಯು 1984ರಲ್ಲಿ ಕಟ್ಟಡಗಳ ಬಿರುಕುಗಳ ಕುರಿತೇ ಪ್ರಕಟಿಸಿದ ಎಸ್‌ಪಿ 25 ಎಂಬ ಕೈಪಿಡಿಯಲ್ಲಿ 1 ಮಿ.ಮೀ.ಗಿಂತ ಕಡಿಮೆ ಅಗಲದವನ್ನು ಸಣ್ಣ, 1ರಿಂದ 2 ಮಿ.ಮೀ.ವರೆಗಿನವನ್ನು ಮಧ್ಯಮ, 2 ಮಿ.ಮೀ. ಮೀರಿದವನ್ನು ಅಗಲ ಬಿರುಕುಗಳೆಂದು ವಿಂಗಡಿಸಲಾಗಿದೆ. ಅಗಲದ ಜೊತೆಗೆ ದಿಕ್ಕನ್ನೂ ನೋಡಬೇಕು. ಬಲೆಯಂತೆ ಹರಡಿದ್ದರೆ ಗಾರೆಯ ದೋಷ. ಕಂಬ ಅಥವಾ ತೊಲೆಯ ಅಂಚಿಗೆ ಸರಿಯಾಗಿ ನೇರಗೆರೆಯಲ್ಲಿದ್ದರೆ ಎರಡು ವಸ್ತುಗಳು ಸೇರುವ ಜಾಗದ ದೋಷ. ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಏಣಿಯ ಮೆಟ್ಟಿಲಂತೆ ಏರಿ, ಗೋಡೆಯ ಹೊರಬದಿಯಲ್ಲಿಯೂ ಅದೇ ಜಾಗದಲ್ಲಿ ಕಾಣಿಸಿದರೆ ತಳಪಾಯದ ಕಡೆ ನೋಡಬೇಕು. ಹುಬ್ಬಳ್ಳಿ, ಗದಗ, ವಿಜಯಪುರ ಭಾಗದ ಎರೆಮಣ್ಣಿನಲ್ಲಿ ಮಳೆಗೆ ನೆಲ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಇಂತಹ ಬಿರುಕುಗಳು ಅಪರೂಪವಲ್ಲ. ಕಾಂಕ್ರೀಟ್ ತೊಲೆಯಲ್ಲಿ ಕಂಬಿಯ ಉದ್ದಕ್ಕೂ ಬಂದ ಬಿರುಕು ತುಕ್ಕಿನ ಲಕ್ಷಣವಾಗಿರಬಹುದು. ಕೊನೆಯ ಎರಡು ಬಗೆಯವಕ್ಕೆ ಈ ಲೇಖನ ಸಾಲದು. ಅರ್ಹ ಸ್ಟ್ರಕ್ಚರಲ್ ಇಂಜಿನಿಯರರನ್ನು ಕರೆಸಬೇಕು.

ಸಂಶಯವಿದ್ದಲ್ಲಿ ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಗಟ್ಟಿಯಾಗಿ ಅಂಟಿಸಿ ದಿನಾಂಕ ಬರೆದಿಡಬೇಕು. ಕೆಲವು ವಾರಗಳಲ್ಲಿ ಗಾಜು ಒಡೆದರೆ ಬಿರುಕು ಇನ್ನೂ ಜೀವಂತವಾಗಿದೆ ಎಂದರ್ಥ. ಜೀವಂತ ಬಿರುಕಿಗೆ ತುಂಬಿದ ವಸ್ತು ಮತ್ತೆ ಬಿರಿಯುವುದು ನಿಶ್ಚಿತ. ಆಮೇಲೆ ನಾಣ್ಯದ ಅಥವಾ ಕರಣೆಯ ಹಿಡಿಯ ಪರೀಕ್ಷೆ. ಇದನ್ನು ಪುಟ್ಟಿ ಹಾಕುವ ಮುನ್ನವೇ, ಗುತ್ತಿಗೆದಾರರ ಸಮ್ಮುಖದಲ್ಲಿ ಮಾಡಿ, ಗುರುತುಗಳ ಛಾಯಾಚಿತ್ರವನ್ನು ದಿನಾಂಕದೊಡನೆ ಇಟ್ಟುಕೊಳ್ಳಬೇಕು. ಬಣ್ಣ ಹಚ್ಚಿದ ಮೇಲೆ ಯಾರ ತಪ್ಪು ಎಂಬುದನ್ನು ಯಾರೂ ಸಾಬೀತುಪಡಿಸಲಾರರು.

ದುರಸ್ತಿಯ ವಿಧಾನ

ಟೊಳ್ಳಿಲ್ಲದ ಕೂದಲೆಳೆ ಬಿರುಕುಗಳಿಗೆ ಅವಸರ ಬೇಡ. ಗಾರೆ ಬಳಿದು ಕನಿಷ್ಠ ನಾಲ್ಕು ವಾರ ಕಳೆದು, ಕುಗ್ಗುವಿಕೆಯ ಬಹುಪಾಲು ಮುಗಿದ ನಂತರ ಮರಳು ಕಾಗದದಿಂದ ಉಜ್ಜಿ, ಪ್ರೈಮರ್ ಮತ್ತು ಎರಡು ಕೈ ಬಿಳಿ ಸಿಮೆಂಟ್ ಪುಟ್ಟಿ ಕೊಟ್ಟರೆ ಸಾಕಾಗುತ್ತದೆ. ಪುಟ್ಟಿಯ ಒಟ್ಟು ದಪ್ಪ ಒಂದೂವರೆ ಮಿ.ಮೀ. ಮೀರಬಾರದು. ಗೋಡೆಯ ಡೊಂಕನ್ನು ಪುಟ್ಟಿಯಿಂದ ತಿದ್ದಹೊರಟರೆ ಪುಟ್ಟಿಯೇ ಚಕ್ಕೆ ಏಳುತ್ತದೆ.

ಅದಕ್ಕಿಂತ ಅಗಲವಾದ, ಅಲುಗದ ಬಿರುಕುಗಳನ್ನು ಉಳಿಯಿಂದ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಐದಾರು ಮಿ.ಮೀ. ಅಗಲಕ್ಕೆ ಬಿಡಿಸಿ, ಒಣ ಕುಂಚದಿಂದ ಧೂಳನ್ನೆಲ್ಲ ತೆಗೆಯಬೇಕು. ಬಹಳಷ್ಟು ದುರಸ್ತಿಗಳು ಕೆಡುವುದು ಧೂಳು ಉಳಿದುದರಿಂದ. ನಂತರ ಆಕ್ರಿಲಿಕ್ ಆಧಾರಿತ ಬಿರುಕು ತುಂಬುವ ಲೇಪವನ್ನು, ಡಬ್ಬದ ಮೇಲಿನ ಸೂಚನೆಯಂತೆ, ಒತ್ತಿ ತುಂಬಿ, ಒಣಗಿದ ಮೇಲೆ ನಾರಿನ ಜಾಲರಿ ಪಟ್ಟಿ ಅಂಟಿಸಿ ಪುಟ್ಟಿ ಕೊಡಬೇಕು. ಬರಿಯ ಸಿಮೆಂಟು ನೀರನ್ನು ತುಂಬುವವರಿದ್ದಾರೆ. ಬಿರುಕಿಗೆ ಕಾರಣವಾದ ವಸ್ತುವನ್ನೇ ಔಷಧವಾಗಿ ಕೊಟ್ಟಂತೆ ಅದು. ಮರಗೆಲಸದ ಬಿಳಿ ಅಂಟನ್ನು ಸಿಮೆಂಟಿಗೆ ಬೆರೆಸುವುದನ್ನೂ ಕಂಡಿದ್ದೇನೆ. ತೇವ ತಗುಲಿದರೆ ಆ ಅಂಟು ಮತ್ತೆ ಮೆತ್ತಗಾಗುತ್ತದೆ. ಕಟ್ಟಡಗಳಿಗೆಂದೇ ತಯಾರಾದ ಎಸ್‌ಬಿಆರ್ ಅಥವಾ ಆಕ್ರಿಲಿಕ್ ದ್ರವವನ್ನೇ ಕೇಳಿ ಕೊಳ್ಳಬೇಕು.

ಕಂಬ-ಗೋಡೆ ಸೇರುವ ಗೆರೆಯ ಬಿರುಕಿಗೆ ಎರಡೂ ಬದಿಗೆ 150 ಮಿ.ಮೀ. ಗಾರೆ ತೆಗೆದು, ಬಲೆ ಕೂರಿಸಿ ಮತ್ತೆ ಬಳಿಯುವುದೇ ದಾರಿ. ಅಷ್ಟು ವೆಚ್ಚ ಬೇಡವೆನ್ನುವ ಗೋದಾಮಿನ ಮಾಲೀಕರು ಆ ಗೆರೆಯಲ್ಲಿ 10 ಮಿ.ಮೀ. ಅಗಲದ ನೇರ ಗಾಡಿಯನ್ನು ಬಿಟ್ಟುಬಿಡಬಹುದು. ಬಿರುಕು ಬಂದರೂ ಅದರೊಳಗೆ ಅಡಗಿರುತ್ತದೆ. ಆಹಾರ ಘಟಕಗಳಿಗೆ ಮಾತ್ರ ಈ ಉಪಾಯ ಸಲ್ಲದು.

ಟೊಳ್ಳಾದ ಭಾಗವನ್ನು ತುಂಬುವ ಪ್ರಶ್ನೆಯೇ ಇಲ್ಲ, ತೆಗೆಯಬೇಕು. ಗುರುತಿನ ಸುತ್ತ ಗಟ್ಟಿ ಸದ್ದು ಬರುವವರೆಗೆ ಚೌಕಾಕಾರವಾಗಿ ಕತ್ತರಿಸುವ ಚಕ್ರದಿಂದ ಗೆರೆ ಕೊಯ್ದು, ಒಳಗಿನದನ್ನು ಮಾತ್ರ ಮೆಲ್ಲಗೆ ಬಿಡಿಸಬೇಕು. ಸುತ್ತಿಗೆಯಿಂದ ನೇರ ಹೊಡೆದರೆ ಪಕ್ಕದ ಒಳ್ಳೆಯ ಗಾರೆಯೂ ಸಡಿಲಗೊಳ್ಳುತ್ತದೆ. ಸಂದುಗಳನ್ನು ಕೆರೆದು, ತೊಳೆದು, ತೇವ ಮಾಡಿ, ಹಳೆಯ ಅಂಚಿಗೂ ಗೋಡೆಗೂ ಎಸ್‌ಬಿಆರ್ ಬೆರೆಸಿದ ಸಿಮೆಂಟು ಲೇಪ ಹಚ್ಚಿ, ಅದು ಅಂಟಂಟಾಗಿ ಇರುವಾಗಲೇ ಮೊದಲಿನ ಪ್ರಮಾಣದ ಗಾರೆಯನ್ನೇ ಬಳಿಯಬೇಕು. ತೇಪೆಗೂ ಏಳು ದಿನ ನೀರುಣಿಸುವುದನ್ನು ಬಹುತೇಕರು ಮರೆಯುತ್ತಾರೆ. ಹೀಗೆ ಮರೆತ ತೇಪೆಯ ಸುತ್ತ ಚೌಕದ ಗೆರೆ ಮತ್ತೆ ಬಿರಿಯುತ್ತದೆ.

ಕರಾರಿನಲ್ಲಿ ಬರೆಯಬೇಕಾದುದು

ನಮ್ಮ ಪ್ಯಾಕಿಂಗ್ ಕೊಠಡಿಯ ಜಗಳಕ್ಕೆ ಮೂಲ ಕಾರಣ ಗಾರೆಯಲ್ಲ, ಕಾಗದ. ಕರಾರಿನಲ್ಲಿ "ಒಳ ಗಾರೆ, ಚದರ ಅಡಿಗೆ ಇಷ್ಟು" ಎಂದಷ್ಟೇ ಇತ್ತು. ಮಿಶ್ರಣದ ಪ್ರಮಾಣ, ದಪ್ಪ, ಬಲೆ ಯಾರ ಖರ್ಚು, ಎಷ್ಟು ದಿನ ನೀರುಣಿಸಬೇಕು, ನೀರು ಯಾರು ಒದಗಿಸಬೇಕು ಎಂಬ ಒಂದು ಮಾತೂ ಇರಲಿಲ್ಲ. ಟ್ಯಾಂಕರ್ ತರಿಸುವುದು ನಿಮ್ಮ ಜವಾಬ್ದಾರಿ ಎಂದು ಅವರು, ನಿಮ್ಮದು ಎಂದು ನಾನು. ನ್ಯಾಯವಾಗಿ ನೋಡಿದರೆ ನನ್ನ ಅವಸರವೂ ತಪ್ಪಿನಲ್ಲಿ ಪಾಲುದಾರನೇ. ಕಡೆಗೆ ಟೊಳ್ಳಾದ ಭಾಗದ ಕೂಲಿ ಅವರದು, ಸಾಮಗ್ರಿ ಮತ್ತು ನೀರು ನನ್ನದು ಎಂದು ಒಪ್ಪಂದವಾಯಿತು. ಯಂತ್ರ ಕೂರಿಸುವುದು ಮೂರು ವಾರ ತಡವಾಯಿತು. ಯುಗಾದಿಯ ಪೂಜೆಯನ್ನು ಗೋಣಿತಟ್ಟು ಕಟ್ಟಿದ ಕೊಠಡಿಯಲ್ಲಿಯೇ ಮಾಡಿದೆವು.

ಅಂದಿನಿಂದ ನಾನು ಗಾರೆಯ ಬಿಲ್ಲಿನ ಶೇ. 5ನ್ನು ತಟ್ಟಿ ನೋಡುವ ಪರೀಕ್ಷೆ ಮುಗಿಯುವವರೆಗೆ ತಡೆಹಿಡಿಯುವುದೆಂದು ಕರಾರಿನಲ್ಲಿಯೇ ಬರೆಸುತ್ತೇನೆ. ಬಳಿದ 28 ದಿನಗಳ ಬಳಿಕ ಇಬ್ಬರೂ ಒಟ್ಟಿಗೆ ನಿಂತು ನೋಡುವುದು, ಟೊಳ್ಳು ಕಂಡಲ್ಲಿ ಅವರ ಖರ್ಚಿನಲ್ಲಿ ಸರಿಪಡಿಸುವುದು, ಕೂದಲೆಳೆ ಬಿರುಕಿಗೆ ಹಣ ಹಿಡಿಯದಿರುವುದು. ಕೊನೆಯ ಈ ವಾಕ್ಯವನ್ನು ಓದಿ ಮೇಸ್ತ್ರಿಗಳು ಸಮಾಧಾನದಿಂದ ಸಹಿ ಮಾಡುತ್ತಾರೆ. ನೀರಿನ ಟ್ಯಾಂಕರನ್ನು ಮಾತ್ರ ನಾನೇ ತರಿಸುತ್ತೇನೆ.